ಎರಡು ಅರ್ಥದ ‘ಆಯ್ತು’

ನಮ್ಮ ಸ್ಟುಡಿಯೋದ ಒಳಕೋಣೆಯಲ್ಲಿ ಹತ್ತೊಂಬತ್ತು ವರ್ಷ ಕೂತು ದುಡಿದಾಕೆಯನ್ನು ಎಲ್ಲರೂ ಅತ್ತಿಗೆ ಎನ್ನುತ್ತಿದ್ದರು. ಕ್ಯಾಮೆರಾ ಹಿಡಿಯುತ್ತಿದ್ದವನು ಆಕೆಯ ಮೈದುನ. ಅವನು ಕರೆದದ್ದೇ ಎಲ್ಲರ ಬಾಯಿಗೂ ಬಂತು. ಕ್ಯಾಮೆರಾದ ಮೆಮೊರಿ ಕಾರ್ಡಿನ ವಿಡಿಯೋವನ್ನು ಆಕೆ ಎರಡು ಡಿಸ್ಕಿಗೆ ಇಳಿಸುವಳು, ಎರಡನ್ನೂ ತೆರೆದು ಕಟ್ಟಕಡೆಯ ಚಿತ್ರದವರೆಗೆ ನೋಡುವಳು. ಆಮೇಲಷ್ಟೇ ಕಾರ್ಡು ಖಾಲಿ, ಎಡಿಟಿಂಗಿಗೆ ಕೈ. ಇದು ಯಾರೂ ಹೇಳಿಕೊಟ್ಟ ವಿದ್ಯೆಯಲ್ಲ. ಕೆಟ್ಟ ಮೇಲೆ ಬಂದ ಬುದ್ಧಿ.

ಒಂದು ಮುದ್ರಣಾಲಯದಲ್ಲಿ ನಲವತ್ತು ವರ್ಷ ಅಚ್ಚುಮೊಳೆ ಜೋಡಿಸಿದ ಹಿರಿಯರಿಗೆ ಬೀಳ್ಕೊಡುಗೆ ನಡೆದಿತ್ತು. ಮಿತಭಾಷಿ ಮನುಷ್ಯ, ಆ ದಿನ ಅರ್ಧ ಗಂಟೆ ಮಾತಾಡಿದರು. ಉದ್ದದ ಮಾತನ್ನು ಕ್ಯಾಮೆರಾ ತಾನಾಗಿಯೇ ಎರಡು ತುಂಡು ಮಾಡಿಟ್ಟಿತ್ತು. ಮಾರನೆಯ ಬೆಳಿಗ್ಗೆ ಮೊದಲ ತುಂಡು ಇಳಿಯುವಷ್ಟರಲ್ಲಿ ಡಿಸ್ಕು ತುಂಬಿಹೋಯಿತು. ಅತ್ತಿಗೆ ಕಾರ್ಡನ್ನು ತೆಗೆದು ಮೇಜಿನ ಮೇಲಿಟ್ಟು, ಬೇರೆ ಡಿಸ್ಕು ಹುಡುಕಲು ಕಪಾಟಿನ ಹಿಂದೆ ಹೋದಳು. ಹೊರಗಿನಿಂದ ಮೈದುನ, ಇನ್ನೊಂದು ಕಾರ್ಯಕ್ರಮಕ್ಕೆ ಹೊತ್ತಾಯಿತೆಂದು ಕೂಗಿದ:

“ಅತ್ತಿಗೆ, ಕಾರ್ಡು ಬೇಗ ಬೇಕು.”

“ಆಯ್ತು.”

ಬೇಗ ಮುಗಿಸುತ್ತೇನೆ ಎಂದು ಆಕೆ ಹೇಳಿದ್ದು. ಮುಗಿದಿದೆ ಎಂದು ಅವನು ಕೇಳಿಸಿಕೊಂಡದ್ದು. ಮೇಜಿನ ಮೇಲಿದ್ದ ಕಾರ್ಡನ್ನು ಕ್ಯಾಮೆರಾಕ್ಕೆ ಹಾಕಿ, ಅಳಿಸಿ, ಸಂಜೆಯವರೆಗೆ ಅದರ ತುಂಬ ಹೊಸದನ್ನು ತುಂಬಿಕೊಂಡು ಬಂದ. ಅಳಿಸಿದ್ದನ್ನು ಮರಳಿ ತೆಗೆಯುವವನ ಹತ್ತಿರ ಓಡಿದರೆ ಅವನು ಕೈಚೆಲ್ಲಿದ. ಉತ್ತು ಬೇರೆ ಬಿತ್ತಿದ ಹೊಲದಲ್ಲಿ ಹಳೆಯ ಪೈರು ಕೇಳಿದರೆ ಎಲ್ಲಿಂದ ತರಲಿ ಎಂದ.

ಬೀಳ್ಕೊಡುಗೆಯಾದ ಒಂಬತ್ತನೆಯ ದಿನ ಆ ಹಿರಿಯರು ತೀರಿಕೊಂಡರು. ತಿಂಗಳು ಕಳೆದ ಮೇಲೆ ಅವರ ಹೆಂಡತಿ ಬರುತ್ತೇನೆಂದು ಮಗಳ ಮೂಲಕ ಹೇಳಿ ಕಳಿಸಿದರು. ಬೀಳ್ಕೊಡುಗೆಯ ದಿನ ಜ್ವರದಿಂದ ಮಲಗಿದ್ದವರು ಅವರು. ಭಾಷಣದ ಕೊನೆಯಲ್ಲಿ ಯಜಮಾನರು ಹೆಂಡತಿಯ ಬಗ್ಗೆ ಏನೋ ಹೇಳಿದರೆಂದು ಯಾರೋ ತಿಳಿಸಿದ್ದರು, ಅದನ್ನು ಕೇಳಬೇಕಿತ್ತು.

ಮೈದುನನ ಮುಖ ಬಿಳಿಚಿತು. “ಕೊನೇಲಿ ಚಪ್ಪಾಳೆ ಅಂಟಿಸಿ ಕೊಟ್ಬಿಡೋಣ ಅತ್ತಿಗೆ. ಅವರಿಗೇನು ಗೊತ್ತಾಗುತ್ತೆ?”

“ಸತ್ತವರ ಬಾಯಿಗೆ ಚಪ್ಪಾಳೆ ತುರುಕ್ತೀಯೇನೋ?” ಎಂದಳು ಅತ್ತಿಗೆ.

ಆ ತಾಯಿ ಬಂದು ಕೂತಾಗ ಅತ್ತಿಗೆ ಮೊದಲು ತಪ್ಪೊಪ್ಪಿಕೊಂಡಳು. ಮೈದುನನ ಹೆಸರೆತ್ತಲಿಲ್ಲ, ಅರ್ಧ ಕಳೆದದ್ದು ನನ್ನ ಕೈಯಿಂದಲೇ ಎಂದಳು. ಆಮೇಲೆ ಉಳಿದದ್ದನ್ನು ಹಾಕಿದಳು. ಹಿರಿಯರು ಕನ್ನಡಕ ಒರೆಸಿಕೊಂಡು ಮಾತಾಡಿದರು, ಜೊತೆಗಾರರನ್ನು ನೆನೆದರು, ನೀರು ಕುಡಿದರು. “ನಮ್ಮ ಮನೆಯವಳ ಬಗ್ಗೆ ಒಂದು ಮಾತು...” ಎಂದರು. ಪರದೆ ಕಪ್ಪಾಯಿತು.

ಆ ತಾಯಿ ಇನ್ನೊಮ್ಮೆ ಹಾಕಿಸಿಕೊಂಡರು. ಮತ್ತೆ ಅಲ್ಲಿಗೇ ನಿಂತಿತು. ಸೆರಗಿನಿಂದ ಕಣ್ಣೊತ್ತಿಕೊಂಡು, “ಮನೇಲೂ ಹೀಗೇ ಕಣಮ್ಮ, ನನ್ನ ವಿಷಯ ಬಂದ್ರೆ ಅರ್ಧಕ್ಕೇ ನುಂಗ್ಕೊಳ್ಳೋರು. ಮಿಕ್ಕಿದ್ದು ನಾನೇ ತಿಳ್ಕೋಬೇಕಿತ್ತು” ಎಂದರು.

ಅತ್ತಿಗೆ ಆ ಅರ್ಧವನ್ನು ಎರಡು ಡಿಸ್ಕಿಗೆ ಇಳಿಸಿದಳು. ಎರಡನ್ನೂ ಆ ತಾಯಿಯ ಎದುರೇ ಪೂರ್ತಿ ಓಡಿಸಿ ನೋಡಿದಳು. ಒಂದು ನಿಮ್ಮಲ್ಲಿರಲಿ, ಇನ್ನೊಂದು ಮಗಳ ಮನೆಯಲ್ಲಿರಲಿ ಎಂದು ಕೈಗಿಟ್ಟಳು.