ತಮ್ಮನ ಹೆಸರಿಗೆ ಮುಂಚಿನ ಒಂದು ಪದ

‘ಊರಿಗೆಲ್ಲ ಹಣೆಪಟ್ಟಿ ಹಚ್ಚೋ ಮಹಾತಾಯಿ, ಒಡಹುಟ್ಟಿದವನನ್ನೂ ಬಿಡಲಿಲ್ಲ ನೋಡಿ’ ಎಂದು ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದರು. ಅದೇನೂ ಸುಳ್ಳಲ್ಲ. ಎಲ್ಲರೂ ‘ಅಕ್ಕ’ ಎಂದೇ ಕರೆಯುತ್ತಿದ್ದ ಆಕೆಗೆ ಪತ್ರಿಕೆಯ ಕಚೇರಿಯಲ್ಲಿ ಫೋಟೋಗಳ ಅಡಿಬರಹ ಬರೆಯುವ ಕೆಲಸ. ರಾಜಕಾರಣಿ ಎಂಥವನೆಂದು ಅವನ ಹೆಸರಿಗೆ ಮುಂಚೆ ಒಂದೆರಡು ಪದದಲ್ಲಿ ಹೇಳಬೇಕು. ಒಮ್ಮೆ ಅಚ್ಚಾದ ಪದವೇ ಮುಂದೆಯೂ ಬರಬೇಕು, ಸಂಪಾದಕರ ಒಪ್ಪಿಗೆಯಿಲ್ಲದೆ ಅದನ್ನು ಮುಟ್ಟುವಂತಿಲ್ಲ.

ತಮ್ಮನ ಪಕ್ಷವನ್ನು ಕಟ್ಟಿದವರು ಒಂದು ಕಾಲಕ್ಕೆ ಬಂದೂಕು ಹಿಡಿದವರು. ಇವನು ಸೇರುವ ಹೊತ್ತಿಗೆ ಅದನ್ನು ಕೆಳಗಿಟ್ಟು ಓಟು ಕೇಳುತ್ತಿದ್ದರು. ಇವನು ಹಿಡಿದದ್ದೆಂದರೆ ಪೋಸ್ಟರ್ ಅಂಟಿಸುವ ಗೋಂದಿನ ಬಕೆಟ್ಟು. ಆದರೂ ಅವನು ಗೆದ್ದ ದಿನ, ಫೋಟೋ ಮೇಜಿಗೆ ಬಂದಾಗ ಅಕ್ಕ ಅಳೆದು ಸುರಿದು ನೋಡಿದಳು. ಬರೀ ‘ಎಡಪಂಥೀಯ ಶಾಸಕ’ ಎಂದರೆ ತಮ್ಮನ ಪರ ವಹಿಸಿದಳು ಎಂದಾರು. ಆ ಅಂಜಿಕೆಗೆ ‘ಉಗ್ರ ಎಡಪಂಥೀಯ ಶಾಸಕ’ ಎಂದು ಬರೆದುಬಿಟ್ಟಳು. ಅಂದಿನಿಂದ ಅವನು ಅಕ್ಕನ ಹೊಸ್ತಿಲು ತುಳಿಯಲಿಲ್ಲ.

ತಮ್ಮನಿಗೆ ಕನ್ನಡಕ ಬಂದದ್ದು, ಮೀಸೆ ನರೆತದ್ದು, ಎಲ್ಲವನ್ನೂ ಅವಳು ಫೋಟೋಗಳಲ್ಲೇ ಕಂಡಳು. ಅಡಿಬರಹ ಮುಗಿದರೂ ಫೋಟೋ ಕೈಬಿಡುತ್ತಿರಲಿಲ್ಲ. ಅದರಲ್ಲಿ ಅವನ ಕಾಲರು ಮಾಸಿದ್ದರೆ ಅವಳಿಗೆ ಮನೆಗೆ ಬಂದು ಊಟ ಸೇರುತ್ತಿರಲಿಲ್ಲ.

ನಿವೃತ್ತಿಯ ದಿನ ಮತ್ತೆ ಅವನ ಫೋಟೋ ಬಂತು. ಅಕ್ಕ ಸಂಪಾದಕರ ಮುಂದೆ ನಿಂತಳು.

“‘ಉಗ್ರ’ ತೆಗೀತೀನಿ ಸಾರ್.”

“ಹೋಗೋ ದಿನ ತಮ್ಮನ ಮೇಲೆ ಪ್ರೀತಿ ಉಕ್ಕಿತೇನಮ್ಮ? ಆ ಪಕ್ಷದ ಹಳೇ ಕಥೆ ಓದೋರಿಗೆ ಗೊತ್ತಾಗ್ಬೇಡ್ವಾ?”

“ಗೊತ್ತಾಗ್ಲಿ. ಹಿಂದೆ ಬಂದೂಕು ಹಿಡಿದಿದ್ದ ಪಕ್ಷ ಅಂತ ಸುದ್ದಿಯೊಳಗೆ ಒಂದು ಸಾಲು ಸೇರಿಸಿ. ಪಕ್ಷದ ಕಥೇನ ಇವನ ಹೆಸರಿಗೆ ಯಾಕೆ ಕಟ್ಬೇಕು?”

ಸಂಪಾದಕರು ಪೆನ್ನೆತ್ತಿ ‘ಉಗ್ರ’ಕ್ಕೆ ಗೀಟೆಳೆದರು.

ಮರುದಿನ ಬೆಳಿಗ್ಗೆ ಫೋನು ಬಂತು. ತಮ್ಮನ ದನಿಗೂ ವಯಸ್ಸಾಗಿತ್ತು. ಅದನ್ನು ಯಾವ ಫೋಟೋವೂ ಹೇಳಿರಲಿಲ್ಲ.

“ಅಕ್ಕಾ, ಆ ಪದ ಯಾಕೆ ತೆಗೆಸಿದೆ? ನಮ್ಮ ಹುಡುಗರು ಅದನ್ನೇ ಹೇಳ್ಕೊಂಡು ಮೆರೀತಿದ್ರು.”

“ಮತ್ಯಾಕೋ ಮನೆ ಕಡೆ ತಲೆ ಹಾಕಲಿಲ್ಲ?”

“ನಾನು ಬಂದು ಹೋಗ್ತಿದ್ರೆ ನೀನು ಬರೆದದ್ದನ್ನ ಯಾರು ನಂಬೋರು? ಈಗ ಕೆಲಸ ಮುಗೀತಲ್ಲ, ಬಂದುಬಿಡು. ಕಿಟಕಿ ಪಕ್ಕದ ಮಂಚ ನಿಂದೇ.”

‘ಹೂಂ’ ಎಂದು ಫೋನಿಟ್ಟ ಅಕ್ಕ ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದಳು.

ಬಾಡಿಗೆ ಮನೆಗೆ ಬೀಗ ಹಾಕಿ ಚೀಲ ಹೆಗಲಿಗೇರಿಸಿದಾಗ ಎದುರುಮನೆಯಾಕೆ ತಡೆದಳು.

“ಎಲ್ಲಿಗೆ ಹೊರಟ್ರಿ ಅಕ್ಕ? ಆ ಉಗ್ರ ಶಾಸಕರ...”

“ತಮ್ಮನ ಮನೆಗೆ,” ಎಂದಳು. ಮಾಲೀಕರಿಗೆ ತಲುಪಿಸೆಂದು ಬೀಗದ ಕೈಯನ್ನು ಅವಳ ಅಂಗೈಯಲ್ಲಿಟ್ಟು, ಮೆಟ್ಟಿಲಿಳಿದು ನಡೆದಳು.