ಒಳಗೆ ಬಿಡುವ ಬಟ್ಟೆ

ಕೂತಲ್ಲಿ ಕೂರುವ ಜೀವವಲ್ಲ ನನ್ನದು. ಚನ್ನಗಿರಿಯಲ್ಲಿ ಕಾಲೇಜು ಮಕ್ಕಳಿಗೆ ಕಂಪ್ಯೂಟರ್ ಪಾಠ ಹೇಳಿ ಮನೆಗೆ ಬಂದರೆ, ಕಾಲು ತೊಳೆಯುವ ಮೊದಲೇ ಲ್ಯಾಪ್‌ಟಾಪ್ ತೆರೆಯುತ್ತಿದ್ದೆ. ಆ ಚಡಪಡಿಕೆಗೆಲ್ಲ ಕಾರಣ ನಮ್ಮ ಹೊಲಿಗೆ ವಿಕಿ.

ನ್ಯಾಮತಿಯಲ್ಲಿ ಹೊಲಿಗೆ ಕಲಿಸುವ ನನ್ನ ಅಕ್ಕನ ಆಸೆಯಿಂದ ಹುಟ್ಟಿದ ಜಾಲತಾಣ ಅದು. ಹೊಲಿಗೆ ಬಲ್ಲವರು ಯಾರು ಬೇಕಾದರೂ ಅದರಲ್ಲಿ ಪುಟ ಬರೆಯಬಹುದು, ತಿದ್ದಬಹುದು. ಅಳತೆ ಬರೆದರೆ ಸಾಕು, ಕಟಿಂಗಿನ ನಕ್ಷೆ ತಾನೇ ಮೂಡುವಂತೆ ನಾನು ಎಕ್ಸ್‌ಟೆನ್ಷನ್ ಎಂಬ ಪುಟ್ಟ ಪ್ರೋಗ್ರಾಮುಗಳನ್ನು ಮಾಡಿ ಸೇರಿಸಿದ್ದೆ. ರವಿಕೆಗೊಂದು, ಚೂಡಿದಾರಕ್ಕೊಂದು, ಲಂಗಕ್ಕೊಂದು. ಮೂರನ್ನೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಅವಸರದಲ್ಲಿ ಬರೆದದ್ದು. ರವಿಕೆಗೆ ‘ಎದೆ=೩೬’, ‘ಸೊಂಟ=೩೦’ ಎಂದು ಹೆಸರು ಹೇಳಿ ಕೊಡಬೇಕು. ಚೂಡಿದಾರಕ್ಕೆ ಹೆಸರೇ ಇಲ್ಲ, ಬರೀ ಅಂಕಿಗಳು, ನಡುವೆ ಅಲ್ಪವಿರಾಮ. ಲಂಗದಲ್ಲಿ ಅದೇ ಸೊಂಟಕ್ಕೆ ‘ಸುತ್ತಳತೆ’ ಎನ್ನಬೇಕು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ.

ಇದರ ಪೆಟ್ಟು ತಿಂದವರು ಹೊನ್ನಾಳಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಹಿರಿಯ ಹೆಂಗಸು. ಊರಿಗೆಲ್ಲ ಅವರು ಆಪಾ. ಕಣ್ಣಿನ ನರ ಸೋಲುತ್ತಿದೆ, ದೃಷ್ಟಿ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಪೂರ್ತಿ ಕತ್ತಲಾಗುವ ಮೊದಲು ತಮ್ಮ ಕಟಿಂಗನ್ನೆಲ್ಲ ವಿಕಿಗೆ ಹಾಕಿಬಿಡಬೇಕೆಂದು ಫೋನಿನ ಅಕ್ಷರ ದೊಡ್ಡದು ಮಾಡಿಕೊಂಡು ಹಟಕ್ಕೆ ಬಿದ್ದು ಬರೆಯುತ್ತಿದ್ದರು. ಒಂದರ ರೀತಿ ಇನ್ನೊಂದಕ್ಕೆ ಹಾಕಿದರೆ ಸಾಕು, ‘ಪ್ಯಾರಾಮೀಟರ್ ತಪ್ಪು’ ಎಂದು ಕೆಂಪಕ್ಷರ ಬರುತ್ತಿತ್ತು. ಯಾವ ಪ್ಯಾರಾಮೀಟರ್, ಅಂದರೆ ಯಾವ ಅಳತೆ, ಏನು ತಪ್ಪು, ಒಂದೂ ಹೇಳುತ್ತಿರಲಿಲ್ಲ.

“ಏನಮ್ಮಾ, ರವಿಕೆಗೊಂದು ನ್ಯಾಯ, ಲಂಗಕ್ಕೊಂದು ನ್ಯಾಯಾನಾ? ನನ್ ಟೇಪು ಎಲ್ಲಾದಕ್ಕೂ ಒಂದೇ ಐತೆ” ಎಂದು ಫೋನಿನಲ್ಲೇ ರೇಗಿದರು.

ನನಗೂ ಕೋಪ ಮೂಗಿನ ತುದಿಯಲ್ಲೇ. “ಸಹಾಯದ ಪುಟ ಬರ್ದಿದೀನಲ್ರೀ ಆಪಾ, ಒಂದ್ಸಲ ಓದ್ರಿ.”

“ಓದಾಕೆ ಕಣ್ಣಿದ್ರೆ ನಿಂಗ್ಯಾಕೆ ಫೋನ್ ಮಾಡ್ತಿದ್ದೆ? ಇನ್ನೊಂದ್ ಸಲ ಕೆಂಪ್ ಬಂತಂದ್ರೆ ನಾ ಬಿಟ್ಟೆ ನೋಡು.”

ಮೈಮೇಲೆ ಇರುವೆ ಬಿಟ್ಟುಕೊಂಡಂತಾಯಿತು. ಆ ವಾರವೆಲ್ಲ ಕೂತು ಮೂರನ್ನೂ ಕಿತ್ತು ಹೊಸದಾಗಿ ಬರೆದೆ. ಎಲ್ಲದಕ್ಕೂ ಒಂದೇ ರೀತಿ: ಹೆಸರು, ಸಮಚಿಹ್ನೆ, ಅಂಕಿ. ಯಾವುದು ಮೊದಲು ಬಂದರೂ ಸರಿ. ಸೊಂಟ ಎಲ್ಲ ಕಡೆಯೂ ಸೊಂಟವೇ. ಬಿಟ್ಟುಹೋದರೆ ‘ಎದೆಯ ಅಳತೆ ಬರೆಯಿರಿ’ ಎಂದು ನೇರವಾಗಿ ಕೇಳುತ್ತದೆ. ಬೀಗುತ್ತಾ ಹೊನ್ನಾಳಿ ಬಸ್ಸು ಹತ್ತಿದೆ.

ಅಂಗಡಿಯಲ್ಲಿ ಆಪಾ ಹೊಸ ರವಿಕೆಯ ಪುಟ ಬರೆದರು. ನಕ್ಷೆ ಸಲೀಸಾಗಿ ಬಂತು. ಆಮೇಲೆ ಖುಷಿಯಿಂದ ತಮ್ಮ ಹಳೆಯ ಚೂಡಿದಾರದ ಪುಟ ತೆರೆದರು. ಕೆಂಪು. ಲಂಗದ್ದೂ ಕೆಂಪು. ಎಷ್ಟೋ ತಿಂಗಳ ಕೆಲಸ, ಈ ಎರಡರ ಒಂದು ಪುಟದಲ್ಲೂ ನಕ್ಷೆಯಿಲ್ಲ.

“ಹೊಸ ರೀತಿಗೆ ತಿದ್ದಬೇಕು ಆಪಾ” ಅಂದೆ.

“ತಿದ್ದಾಕೆ ಕಣ್ಣೆಲ್ಲಿಂದ ತರ್ಲಿ?” ಎಂದವರು ಫೋನನ್ನು ಬೋರಲು ಹಾಕಿ, ಮಡಿಲಲ್ಲಿದ್ದ ರವಿಕೆ ಎತ್ತಿಕೊಂಡರು. ಯಾರದೋ ಮದುವೆಯ ರವಿಕೆ, ಬಾಣಂತನ ಮುಗಿದ ಮೇಲೆ ಬಿಗಿಯಾಗಿ ವಾಪಸ್ಸು ಬಂದಿತ್ತು. ಬೆರಳಲ್ಲೇ ತಡವಿ ಪಕ್ಕದ ಹೊಲಿಗೆ ಬಿಚ್ಚಿದರು. ಒಳಗೆ ಮಡಚಿಟ್ಟಿದ್ದ ಬಟ್ಟೆ ಹೊರಬಂತು, ಬಣ್ಣ ಮಾಸದೆ. ನಮ್ಮ ಕಡೆ ಒಳಗೆ ಬಟ್ಟೆ ಬಿಡದೆ ಯಾರೂ ರವಿಕೆ ಹೊಲಿಯುವುದಿಲ್ಲ. ನಾನು ಮಾತ್ರ ಹಳೆಯ ಪುಟಗಳಿಗೆ ಜಾಗ ಬಿಡದೆ ನನ್ನ ಕೋಡನ್ನು ಅಂಚಿಗೇ ಕತ್ತರಿಸಿದ್ದೆ. ಅಳು ಬಂತು, ತೋರಿಸಿಕೊಳ್ಳದೆ ಎದ್ದು ಬಂದೆ.

ಮನೆಗೆ ಬಂದವಳೇ ಹಳೆಯ ಎರಡು ರೀತಿಗಳನ್ನೂ ಒಳಗೆ ಸೇರಿಸಿದೆ. ಹೊಸಬರಿಗೆ ಕಲಿಸುವುದು ಹೊಸ ರೀತಿಯನ್ನೇ. ಹಳೆಯದು ಕಂಡರೆ ಮಾತಾಡದೆ ಓದಿಕೊಳ್ಳಬೇಕು. ಆಪಾ ಮತ್ತೆ ಬರೆದರು, ಕಣ್ಣು ಪೂರ್ತಿ ಹೋಗುವವರೆಗೂ.

ಈ ವರ್ಷ ಜಗಳೂರಿನ ಹೊಲಿಗೆ ತರಗತಿಯೊಂದಕ್ಕೆ ವಿಕಿ ತೋರಿಸಲು ಹೋಗಿದ್ದೆ. ಕಲಿಯುವ ಹುಡುಗಿಯೊಬ್ಬಳು ಅಲ್ಪವಿರಾಮಗಳಿದ್ದ ಹಳೆಯ ಚೂಡಿದಾರದ ಪುಟ ತೆರೆದು, ಅಂಕಿ ಬದಲಿಸಿ, ನಕ್ಷೆ ನೋಡಿಕೊಂಡು ಬಟ್ಟೆಯ ಮೇಲೆ ಸೀಮೆಸುಣ್ಣ ಎಳೆದಳು. ತಡೆಯಲಾರದೆ ಆಪಾಗೆ ಫೋನ್ ಮಾಡಿದೆ.

“ನಿಮ್ ಪುಟ ನೋಡ್ಕೊಂಡು ಇಲ್ಲೊಂದು ಹುಡುಗಿ ಕಟಿಂಗ್ ಮಾಡಾಕೆ ಕುಂತೈತೆ.”

“ನನ್ದಾ? ಹಳೇದಾ?”

“ಹಳೇದೇ.”

“ಒಳಗೆ ಬಟ್ಟೆ ಬಿಟ್ಟೈತಾ ನೋಡಮ್ಮಾ” ಎಂದರು.

ನೋಡಿದೆ. ಬಿಟ್ಟಿರಲಿಲ್ಲ. ಎಲ್ಲರಿಗೂ ಗೊತ್ತಿರುವುದೆಂದು ಆಪಾ ಅದನ್ನು ಬರೆದಿರಲಿಲ್ಲ, ನಾನು ನಕ್ಷೆಯಲ್ಲಿ ಹಾಕಿರಲಿಲ್ಲ. ಕತ್ತರಿ ಹಿಡಿದ ಕೈಯನ್ನು ತಡೆದೆ. ವಾಪಸ್ಸು ಬರುವ ಬಸ್ಸಿನಲ್ಲೇ ಲ್ಯಾಪ್‌ಟಾಪ್ ತೆರೆದು ಮೂರಕ್ಕೂ ಒಂದೇ ಹೆಸರಿನ ಹೊಸ ಪ್ಯಾರಾಮೀಟರ್ ಸೇರಿಸಿದೆ: ‘ಒಳಗೆ ಬಿಡುವ ಬಟ್ಟೆ’. ಯಾರೂ ಏನೂ ಬರೆಯದಿದ್ದರೆ, ತಾನಾಗಿಯೇ ಒಂದು ಇಂಚು.