ಮಸೂತಿ ರೇಣುಕಾ ಮತ್ತು ಸತ್ತ ಟ್ಯಾಬುಗಳು

ಮಸೂತಿ ಎಂಬ ಹಳ್ಳಿಯ ರೇಣುಕಾಳಿಗೆ ಸಿಟ್ಟು ಬೇಗ ಬರುವುದಿಲ್ಲ. ಬಂದರೆ ಹೋಗುವುದೂ ಇಲ್ಲ. ಮೂವತ್ತಾರು ವರ್ಷದ ಬದುಕಿನಲ್ಲಿ ಒಮ್ಮೆ ಬಂದದ್ದು ಇನ್ನೂ ಹಾಗೆಯೇ ಇದೆ. ಇರಲಿ ಬಿಡಿ, ಅದಕ್ಕೆ ಕಾರಣವೂ ಅಂಥದ್ದೇ.

ಸಿದ್ದರಾಯ ಸಾಹುಕಾರನಿಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಕಡೆ ಕಂಪ್ಯೂಟರ್ ಅಂಗಡಿ. ಬಾಗೇವಾಡಿಯ ಅಂಗಡಿಯನ್ನು ಎಂಟು ವರ್ಷ ನಡೆಸಿದವಳು ರೇಣುಕಾ. ಎರಡು ವರ್ಷದ ಹಿಂದೆ ಸಾಹುಕಾರ ಎಲ್ಲಿಂದಲೋ ಅಗ್ಗದ ಟ್ಯಾಬುಗಳನ್ನು ತರಿಸಿದ. ಅವಕ್ಕೆ ಕಳ್ಳ ವಿಂಡೋಸ್ ತುಂಬಿಸಿ ಸಾಲಿ ಹುಡುಗರಿಗೆ, ಕಿರಾಣಿಯವರಿಗೆ ಮಾರಿದ. ನಾಲ್ಕೇ ತಿಂಗಳಲ್ಲಿ ಅವು ಒಂದೊಂದಾಗಿ ಕಣ್ಣು ಮುಚ್ಚಿದವು. ಒತ್ತಿದರೆ ಕಪ್ಪು ಪರದೆ, ಬೇರೇನೂ ಇಲ್ಲ.

ಜನ ಜಗಳಕ್ಕೆ ಬಂದ ದಿನ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ಸಾಹುಕಾರ ರೇಣುಕಾಳ ಕಡೆ ಬೆರಳು ತೋರಿಸಿದ.

“ನನ್ನ ಮಾಲು ಚೊಕ್ಕ ಐತಿ. ಒಳಗಿನ ಸಾಮಾನು ಬಿಚ್ಚಿ ಮಾರ್ಕೊಂಡಾಳ ಈಕಿ. ಏನ ಕೇಳ್ತೀರಿ ಈಕಿನ್ನ ಕೇಳ್ರಿ.”

ಅಂಗಡಿಯಲ್ಲಿ ಆ ಮಾತು ಕೇಳಿದವರು ಏಳು ಜನ. ಆರು ಗಿರಾಕಿಗಳು. ಏಳನೆಯವಳು ರೇವವ್ವ, ತಾಯಿ ಸತ್ತ ಮೇಲೆ ರೇಣುಕಾಳನ್ನು ಸಾಕಿದ ದೊಡ್ಡವ್ವ. ಮಗಳಿಗೆ ಬುತ್ತಿ ತಂದಿದ್ದಳು. ಮನೆಗೆ ಹೋಗುವ ಬಸ್ಸಿನಲ್ಲಿ ಆಕೆ ಒಂದೇ ಮಾತು ಹೇಳಿದಳು.

“ತಗೊಂಡಿದ್ರ ತಿರುಗಿ ಕೊಟ್ಟುಬಿಡವಾ.”

ಸಾಹುಕಾರನ ಮಾತು ರೇಣುಕಾಳಿಗೆ ಕಪಾಳಕ್ಕೆ ಬಿದ್ದಿತ್ತು. ಈ ಮಾತು ಎದೆಗೆ ಬಿತ್ತು. ಮರುದಿನದಿಂದ ಅವಳು ಕೆಲಸ ಬಿಟ್ಟಳು. ಒಬ್ಬ ಗಿರಾಕಿ ಅವಳ ಕಾಲ ಬಳಿ ಡಬ್ಬಿ ಸಮೇತ ಬಿಸಾಕಿ ಹೋಗಿದ್ದ ಟ್ಯಾಬು ಮನೆಯಲ್ಲಿತ್ತು. ಅದರ ಒಳಗೆ ಎಲ್ಲವೂ ಇದ್ದಲ್ಲೇ ಇದೆ ಎಂದು ದೊಡ್ಡವ್ವನ ಕಣ್ಣಿಗೆ ತೋರಿಸಬೇಕು, ಸಾಹುಕಾರನ ಮೂಗು ಮಣ್ಣಿಗೆ ತಿಕ್ಕಬೇಕು. ಅದಕ್ಕೆ ಅದನ್ನು ಎಬ್ಬಿಸಬೇಕು. ಕಳ್ಳ ಮಾಲು ಮತ್ತೆ ಮುಟ್ಟಲಾರೆ ಎಂದು ವಿಂಡೋಸ್ ಬದಲು ಲಿನಕ್ಸ್ ಹಾಕಲು ಹೊರಟಳು. ಅದು ಯಾರಪ್ಪನ ಆಸ್ತಿಯೂ ಅಲ್ಲ, ಎಲ್ಲರಿಗೂ ಪುಕ್ಕಟೆ.

ನಿಡಗುಂದಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟ ಗೆಳತಿ ನಸ್ರೀನಳ ಕಂಪ್ಯೂಟರಿನಲ್ಲಿ ಲಿನಕ್ಸ್ ತುಂಬಿದ ಪೆನ್‌ಡ್ರೈವ್ ತಯಾರಾಯಿತು. ಟ್ಯಾಬು ಅದನ್ನು ಮೂಸಿಯೂ ನೋಡಲಿಲ್ಲ. ಹದಿನೈದು ದಿನ ತಲೆ ಕೆಡಿಸಿಕೊಂಡ ಮೇಲೆ ಗುಟ್ಟು ತಿಳಿಯಿತು: ಟ್ಯಾಬಿನ ಪ್ರೊಸೆಸರು ಅರವತ್ತನಾಲ್ಕು ಬಿಟ್ಟಿನದು, ಅದನ್ನು ಎಬ್ಬಿಸುವ ವ್ಯವಸ್ಥೆ ಮಾತ್ರ ಮೂವತ್ತೆರಡರದು. ಅದಕ್ಕೆ ಹೊಂದುವ ಬೇರೆ ಚಿಕ್ಕ ಫೈಲನ್ನು ಪೆನ್‌ಡ್ರೈವಿಗೆ ಸೇರಿಸಿದಳು. ಆಮೇಲೆ ಇನ್ನೊಂದು ಪೀಡೆ. ಚಾರ್ಜಿಗೂ ಪೆನ್‌ಡ್ರೈವಿಗೂ ಇದ್ದದ್ದು ಒಂದೇ ತೂತು, ಅರ್ಧಕ್ಕೆ ಬ್ಯಾಟರಿ ಸತ್ತು ಎರಡು ಸಲ ಎಲ್ಲ ಮೊದಲಿನಿಂದ. ಮೂರನೆಯ ಸಲ ಲಿನಕ್ಸ್ ಎದ್ದಿತು, ಅಡ್ಡಡ್ಡಕ್ಕೆ! ಮೇಲೆ ಒತ್ತಿದರೆ ಎಡಕ್ಕೆ ಹೋಗುತ್ತಿತ್ತು. ಬೆರಳಿನ ದಿಕ್ಕನ್ನು ಅಂಕಿಗಳಲ್ಲಿ ತಿದ್ದಿ ತಿದ್ದಿ ಹಾದಿಗೆ ತಂದಳು. ಪ್ರತಿ ಸಲ ಸೋತಾಗಲೂ ಸಾಹುಕಾರನ ಮುಖ ನೆನೆಸಿಕೊಂಡು ಹಲ್ಲು ಕಡಿದು ಮತ್ತೆ ಕೂಡುತ್ತಿದ್ದಳು.

“ಇಷ್ಟು ದ್ವೇಷ ಚಲೋ ಅಲ್ಲ ರೇಣು,” ಎಂದಳು ನಸ್ರೀನ.

“ಅದಿಲ್ಲದಿದ್ರ ಹದಿನೈದ ದಿನಕ್ಕ ಬಿಟ್ಟು ಹೋಗ್ತಿದ್ದೆ ನಾ.”

ನಾಲ್ಕನೆಯ ತಿಂಗಳು ನಡೆದಿತ್ತು. ಒಳಗಿನ ಸಾಮಾನುಗಳಲ್ಲಿ ವೈಫೈ ಒಂದು ಹಿಡಿಯುವುದು ಬಾಕಿ, ಅದಿಲ್ಲದೆ ತೋರಿಸುವ ಪಟ್ಟಿ ಪೂರ್ತಿಯಾಗದು. ಅಷ್ಟರಲ್ಲಿ ರೇವವ್ವ ಮಲಗಿದಲ್ಲೇ ತೀರಿಕೊಂಡಳು.

ದಿನಕರ್ಮ ಮುಗಿದ ಮೂರು ದಿನಕ್ಕೆ ವೈಫೈ ಹಿಡಿಯಿತು. ಒಂದು ಆಜ್ಞೆ ಟೈಪು ಮಾಡಿದ್ದೇ ತಡ, ಒಳಗಿನ ಒಂದೊಂದು ಸಾಮಾನಿನ ಹೆಸರೂ ಪರದೆಯ ಮೇಲೆ ಬಂತು. ಡಬ್ಬಿಯ ಮೇಲೆ ಅಚ್ಚಾಗಿದ್ದುದಕ್ಕೆ ಎಲ್ಲವೂ ಸರಿಯಾಗಿ ಹೊಂದಿದವು. ತೋರಿಸಲು ದೊಡ್ಡವ್ವ ಇರಲಿಲ್ಲ. ರೇಣುಕಾ ಟ್ಯಾಬನ್ನು ಎದೆಗೆ ಅವಚಿಕೊಂಡು ಬಾಯಿ ತೆರೆದು ಅತ್ತಳು. ಅತ್ತಾದ ಮೇಲೆ ಎದ್ದು ಸಿಂದಗಿಯ ಸಂತೆ ಯಾವ ವಾರ ಎಂದು ವಿಚಾರಿಸಿದಳು.

ಅಲ್ಲಿಂದ ಶುರುವಾಯಿತು. ಯಾವ ಊರಲ್ಲಿ ಸಂತೆಯೋ ಆ ಊರಲ್ಲಿ, ಸಾಹುಕಾರನ ಅಂಗಡಿಯ ಎದುರು ರಸ್ತೆ ದಂಡೆಗೆ, ಒಂದು ಪ್ಲಾಸ್ಟಿಕ್ಕಿನ ತಾಡಪತ್ರಿ ಹಾಸಿ ಕೂತಳು. ಸತ್ತ ಟ್ಯಾಬು ತನ್ನಿ, ಪುಕ್ಕಟೆ ಎಬ್ಬಿಸಿಕೊಡುತ್ತೇನೆ ಎಂದು ರಟ್ಟಿನ ಮೇಲೆ ಬರೆದಿಟ್ಟಳು. ಸಂತೆಗೆ ಬಂದವರು ಕಾಯಿಪಲ್ಲೆ ಚೀಲದಲ್ಲಿ ಟ್ಯಾಬನ್ನೂ ಹಾಕಿಕೊಂಡು ಬಂದರು. ಅವಳು ಎಬ್ಬಿಸಿಕೊಟ್ಟ ಪ್ರತಿ ಟ್ಯಾಬಿನ ಪರದೆಯ ಮೇಲೆ ಮೊದಲು ಕಾಣುವುದು ಒಂದೇ ಸಾಲು: ‘ಇದರ ಒಳಗಿನ ಒಂದು ಸಾಮಾನೂ ಬದಲಾಗಿಲ್ಲ.’ ಓದಿದವರು ತಿರುಗಿ ಎದುರಿನ ಅಂಗಡಿಯನ್ನು ನೋಡುತ್ತಿದ್ದರು. ಅವಳಿಗೆ ಬೇಕಾದದ್ದೂ ಅದೇ. ಆ ನೋಟಕ್ಕಾಗಿ ಅವಳು ಬಿಸಿಲಲ್ಲಿ ಉಪವಾಸ ಕೂತಿದ್ದಾಳೆ.

ವರುಷ ತುಂಬುವುದರೊಳಗೆ ಸಾಹುಕಾರನ ಅಂಗಡಿಗಳಲ್ಲಿ ನೊಣ ಹೊಡೆಯುವಂತಾಯಿತು. ಇಂಡಿಯ ಸಂತೆಯಲ್ಲಿ ಅವನೇ ರಸ್ತೆ ದಾಟಿ ಬಂದ.

“ಏನ ಮಾಡಿದ್ರ ಬಿಡ್ತೀಯವಾ ನನ್ನ?”

“ಏಳ ಮಂದಿ ಮುಂದ ಅಂದ್ರಿ. ಅವರ ಮುಂದನ ತಿರುಗಿ ಹೇಳ್ರಿ.”

ಅವನು ಹೇಳಿದ. ಬಾಗೇವಾಡಿಯ ಅದೇ ಅಂಗಡಿಯಲ್ಲಿ ಅಂದಿನ ಗಿರಾಕಿಗಳನ್ನು ಕರೆಸಿ, ಕೈ ಮುಗಿದು, “ಸುಳ್ಳು ನಾ ಹೇಳಿದ್ದು. ಈಕಿ ಒಂದು ಸ್ಕ್ರೂ ಸುದ್ದಾ ಮುಟ್ಟಿಲ್ಲ,” ಎಂದ. ಕೇಳಿದವರು ತಲೆ ತಗ್ಗಿಸಿದರು. ಒಬ್ಬರು ತಪ್ಪಾಯಿತು ತಂಗಿ ಎಂದೂ ಅಂದರು. ಎದೆಯ ಮೇಲಿನ ಕಲ್ಲು ಇಳಿಯಬೇಕಿತ್ತು, ಇಳಿಯಲಿಲ್ಲ. ರೇಣುಕಾ ಬಂದವರನ್ನು ಬೆರಳು ಮಡಚಿ ಎಣಿಸಿದಳು.

“ಆರ ಮಂದಿ ಆದ್ರು. ಇನ್ನೊಬ್ಬಾಕಿಗೆ?”

ಸಾಹುಕಾರನ ಮುಖ ಬಿಳಚಿಕೊಂಡಿತು. “ಸತ್ತಾಕಿಗೆ ಹ್ಯಾಂಗ ಹೇಳ್ಲಿ ತಂಗಿ? ಆಕಿಗೆ ಕೇಳಿಸತೈತೇನು?”

“ಕೇಳಿಸೂದಿಲ್ರಿ. ಅದಕ್ಕ ನಿಮ್ಮನ್ನ ಬಿಡೂದಿಲ್ಲ ನಾ.”

ಮರುದಿನ ಮುದ್ದೇಬಿಹಾಳದ ಸಂತೆ. ರೇಣುಕಾ ಮೊದಲ ಬಸ್ಸಿಗೆ ಹೋಗಿ ಅವನ ಅಂಗಡಿಯ ಎದುರು ತಾಡಪತ್ರಿ ಹಾಸಿದಳು.